ಭಾಗೀರಥಿ ಒಲ್ಲೆ ಅಂದರೆ

ನನ್ನ ಲ್ಯಾಪ್‌ಟಾಪಿನಲ್ಲಿ ‘ಕೋಡಿ’ ಅನ್ನುವ ಹೆಸರಿನ ಒಂದು ಕಡತ ಇದೆ. 140 ಪುಟ. ಹೋದ ಯುಗಾದಿಗೆ 138 ಪುಟ ಇತ್ತು. ವರ್ಷಕ್ಕೆ ಎರಡು ಪುಟ. ಅದರಲ್ಲೂ ಒಂದು ಪುಟ ಬರೀ ನಕ್ಷೆ. ಇದು ನನ್ನ ಪಿಎಚ್.ಡಿ. ಪ್ರಬಂಧ ಅಂದುಕೊಳ್ಳಬೇಡಿ. ಪ್ರಬಂಧ ಇನ್ನೂ 90 ಪುಟದ ಹತ್ತಿರ ಏದುಸಿರು ಬಿಡುತ್ತಾ ಕೂತಿದೆ. ನಮ್ಮ ಗೈಡು ಇಂಥ ಪತ್ರಿಕೆಗಳನ್ನು ಓದುವುದಿಲ್ಲ ಅನ್ನುವ ಧೈರ್ಯದ ಮೇಲೆ ಈ ಅಂಕಿ ಹೇಳುತ್ತಿದ್ದೇನೆ.

‘ಕೋಡಿ’ ಒಂದು ಆಟ. ನಾಲ್ಕೈದು ಜನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ಮಾತಾಡುತ್ತಾ ಮಾತಾಡುತ್ತಾ ಕಥೆ ಕಟ್ಟುವ ಆಟ. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂತ ಇದರ ಹೆಸರು. ನಮ್ಮ ಮನೆಯಲ್ಲಿರುವುದು ಒಂದೇ ಟೇಬಲ್ಲು, ಅದರ ಮೇಲೆ ಟಿವಿ ಕೂತಿದೆ. ಹಾಗಾಗಿ ನಾನು ಆಟ ಬರೆಯುವುದೂ ನೆಲದ ಮೇಲೆ, ಆಡಿದ್ದೂ ನೆಲದ ಮೇಲೆ.

“ಆಟ ಆಡ್ತಾರೆ ಕಣೆ, ಬರೀತಾರಾ?” ಅಂತ ಅಮ್ಮ ಒಮ್ಮೆ ಕೇಳಿದ್ದಳು. ಅವಳಿಗೆ ಅರ್ಥ ಮಾಡಿಸಲು ನಾನು ಪಟ್ಟ ಪಾಡು ಸುಮಾರಿನದಲ್ಲ. ದಕ್ಷಿಣ ಕನ್ನಡದ ಗೆಳತಿಯೊಬ್ಬಳಿಗೆ ಮಾತ್ರ ಒಂದೇ ನಿಮಿಷದಲ್ಲಿ ಹೊಳೆಯಿತು. “ತಾಳಮದ್ದಳೆ ಅಲ್ವಾ ಮಾರಾಯ್ತಿ ಇದು?” ಅಂದಳು. ಹೌದು, ಹೆಚ್ಚುಕಡಿಮೆ ಅದೇ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ರಾಮನೂ ವಾಲಿಯೂ ಆಗಿ ಅಲ್ಲೇ ಮಾತು ಹುಟ್ಟಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯ ಪರವಾಗಿ ಮಾತಿಗೆ ಕೂತರೆ ರಾಮನೇ ತಡವರಿಸಬೇಕು. ಆದರೆ ವಾದದಲ್ಲಿ ಎಷ್ಟೇ ಗೆದ್ದರೂ ಕೊನೆಗೆ ವಾಲಿ ಸಾಯಲೇಬೇಕು, ಪ್ರಸಂಗ ಬದಲಾಗುವುದಿಲ್ಲ. ನಾನು ಹೇಳುವ ಆಟದಲ್ಲಿ ಬದಲಾಗಬಹುದು. ಸೂತ್ರಧಾರ ಒಬ್ಬ ಇರುತ್ತಾನೆ, ಅವನು “ಹೀಗಾಯಿತು, ಈಗ ನೀನೇನು ಮಾಡುತ್ತೀಯ?” ಅಂತ ಕೇಳುತ್ತಾನೆ. ಆಡುವವಳು ತನಗೆ ತೋಚಿದ್ದು ಹೇಳುತ್ತಾಳೆ. ಅದು ಕೈಗೂಡುತ್ತದೋ ಇಲ್ಲವೋ ಅನುಮಾನವಿದ್ದರೆ ದಾಳ ಹಾಕುತ್ತಾಳೆ. ದಾಳದಲ್ಲಿ ಎಷ್ಟು ಬಿದ್ದರೆ ಏನಾಗುತ್ತದೆ ಅನ್ನುವುದನ್ನು ಯಾರೋ ಮೊದಲೇ ಕೂತು ಬರೆದಿಡಬೇಕಲ್ಲ, ಆ ಬರವಣಿಗೆ ನನ್ನದು.

2020ರ ಲಾಕ್‌ಡೌನಿನಲ್ಲಿ ಹಾಸ್ಟೆಲಿನಿಂದ ಊರಿಗೆ ಬಂದು ಬಿದ್ದಿದ್ದಾಗ, ಗೆಳೆಯರ ಜೊತೆ ಫೋನಿನಲ್ಲೇ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಿ ಇದರ ಹುಚ್ಚು ಹಿಡಿಸಿಕೊಂಡೆ. ಎಲ್ಲರೂ ಕತ್ತಿ ಹಿಡಿದು ಗುಹೆಗೆ ನುಗ್ಗುತ್ತಿದ್ದರು. ನಾನೂ ನುಗ್ಗಿದೆ. ಸ್ವಲ್ಪ ದಿನಕ್ಕೆ ಬೂದಿಗೆರೆಯ ಹುಡುಗಿಗೆ ಆ ಹಿಮದ ಬೆಟ್ಟ, ಆ ಹೆಂಡದಂಗಡಿ, ಆ ಕುಳ್ಳರ ರಾಜ್ಯ ಸಾಕು ಅನ್ನಿಸಿತು. 2022ರಲ್ಲಿ ಆ ಆಟದವರೇ ಹೊರತಂದ ‘ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಡೆಲ್’ ಪುಸ್ತಕದಲ್ಲಿ ಕೋಲ್ಕತ್ತಾದ ಮಿಮಿ ಮಂಡಲ್ ಬರೆದ ಒಂದು ಸಾಹಸಕಥೆ ಓದಿದೆ. ಅವರು ನಮ್ಮ ಕಡೆಯ ನದಿ, ಕಾಡು ಬರೆಯಬಹುದಾದರೆ ನಾನು ಕೆರೆ ಬರೆಯಬಾರದೇಕೆ? ನಮ್ಮ ಊರಿನ ಹೆಸರಿನಲ್ಲೇ ಕೆರೆ ಇದೆ. ಪಿಎಚ್.ಡಿ. ವಿಷಯವೂ ಕೆರೆ ಶಾಸನಗಳೇ. ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು, ಕೋಲಾರ ಸಂಪುಟಗಳು ನನ್ನ ತಲೆದಿಂಬಿನ ಪಕ್ಕದಲ್ಲೇ ಇರುತ್ತವೆ. ಯಾರು ಕೆರೆ ಕಟ್ಟಿಸಿದರು, ಬಿತ್ತುವಟ್ಟವಾಗಿ ಎಷ್ಟು ಗದ್ದೆ ಬಿಟ್ಟರು, ಕಟ್ಟುಕೊಡಗೆ ಯಾರಿಗೆ ಸಿಕ್ಕಿತು, ಈ ಧರ್ಮಕ್ಕೆ ತಪ್ಪಿದವರಿಗೆ ಯಾವ ಪಾಪ ತಟ್ಟುತ್ತದೆ, ಎಲ್ಲ ಅಲ್ಲಿದೆ. ಕೆರೆಗೆ ಹಾರವಾಗಿ ಹೋದವಳ ಹೆಸರು ಮಾತ್ರ ನಾನು ಓದಿದ ಯಾವ ಕಲ್ಲಿನಲ್ಲೂ ಇಲ್ಲ.

ಹಾಗಾಗಿ ನನ್ನ ಆಟಕ್ಕೆ ‘ಕೆರೆಗೆ ಹಾರ’ದ ಕಥೆ ತೆಗೆದುಕೊಂಡೆ. ನಿಮಗೆಲ್ಲ ಗೊತ್ತಿರುವುದೇ. ಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬೀಳುವುದಿಲ್ಲ, ಸೊಸೆಯನ್ನು ಬಲಿ ಕೊಡಬೇಕೆಂದು ಹೊತ್ತಿಗೆಯಲ್ಲಿ ಬರುತ್ತದೆ, ಕಿರಿಸೊಸೆ ಭಾಗೀರಥಿಯನ್ನು ಗೊತ್ತು ಮಾಡುತ್ತಾರೆ. ಅವಳು ತವರಿಗೆ ಹೋಗಿ ಹೆತ್ತವರ ಮುಂದೆ ಬೇರೆ ಏನೋ ನೆಪ ಹೇಳುತ್ತಾಳೆ. ನಿಜ ಹೇಳುವುದು ಗೆಳತಿಯೊಬ್ಬಳ ಹತ್ತಿರ ಮಾತ್ರ. ಆ ಗೆಳತಿಯೂ ಅವರು ಇಟ್ಟಂತೆ ಇರು ಅನ್ನುತ್ತಾಳೆ. ಶಾಲೆಯಲ್ಲಿ ಓದಿದಾಗ ನನಗೆ ಅತ್ತೆಮಾವನ ಮೇಲೆ ಬಂದ ಸಿಟ್ಟಿಗಿಂತ ಈ ಗೆಳತಿಯ ಮೇಲೆ ಬಂದ ಸಿಟ್ಟೇ ಹೆಚ್ಚು.

ಆಟದಲ್ಲಾದರೆ ಭಾಗೀರಥಿ ಒಲ್ಲೆ ಅನ್ನಬಹುದು. ಅಷ್ಟೇ ನನ್ನ ಆಸೆ. 73ನೇ ಪುಟದಲ್ಲಿ ಒಂದು ತಲೆಬರಹ ಇದೆ: ‘ಭಾಗೀರಥಿ ಒಲ್ಲೆ ಅಂದರೆ’. ಅದರ ಕೆಳಗೆ ‘ಬೀಜ ಹಾಕಬೇಕು’ ಅಂತ ಒಂದು ಸಾಲು. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ‘ನಂತರ ಬರೆಯುವುದು’.

ನಂತರ ಅಂದರೆ ಯಾವಾಗ? ಹೊತ್ತು ಸಿಕ್ಕಾಗ. ಹೊತ್ತು ಎಲ್ಲಿದೆ ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ.

ನಮ್ಮದು ರೇಷ್ಮೆ ಮನೆ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಮನೆಯವರಿಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ. ಸೊಪ್ಪು ಹಾಕಿದಷ್ಟೂ ತಿನ್ನುತ್ತವೆ. ರಾತ್ರಿ ಎರಡು ಗಂಟೆಗೆ ಸೊಪ್ಪು ಹಾಕಲು ಎದ್ದರೆ ಮನೆಯೊಳಗೇ ತುಂತುರು ಮಳೆ ಹಿಡಿದ ಹಾಗೆ ಸದ್ದು. ಹುಳು ಹಣ್ಣಾಯಿತೆಂದರೆ ಚಂದ್ರಿಕೆಗೆ ಬಿಡಬೇಕು, ಗೂಡು ಬಿಡಿಸಬೇಕು, ಅಪ್ಪನನ್ನು ಶಿಡ್ಲಘಟ್ಟಕ್ಕೆ ಕಳಿಸಬೇಕು. ಎರಡು ಹಸುಗಳ ಹಾಲು ಬೆಳಿಗ್ಗೆ ಸಂಜೆ ಡೈರಿಗೆ ಹೋಗಬೇಕು. ವಾರಕ್ಕೆ ಮೂರು ದಿನ ನಾನು ಬಸ್ಸಿನಲ್ಲಿ ಬೂದಿಗೆರೆ ಕ್ರಾಸು ದಾಟಿ ಕೆ.ಆರ್. ಪುರಕ್ಕೆ ಹೋಗಿ, ಅಲ್ಲಿ ನೇರಳೆ ಮಾರ್ಗದ ಮೆಟ್ರೊ ಹಿಡಿದು ಬೆಂಗಳೂರಿನ ಇನ್ನೊಂದು ತುದಿ ಮುಟ್ಟಬೇಕು. ಲೇಔಟುಗಳಿಗೆ ಮಣ್ಣು ಹೊರುವ ಟಿಪ್ಪರುಗಳ ಹಿಂದೆ ಬಸ್ಸು ಸಿಕ್ಕಿಕೊಂಡರೆ ಹೋಗಿ ಬರುವುದಕ್ಕೇ ಐದು ಗಂಟೆ. ಮನೆಯಲ್ಲಿದ್ದ ದಿನ “ಅವ್ಳು ಮನೇಲೇ ಅವ್ಳಲ್ಲ” ಅನ್ನುವ ಒಂದೇ ಮಾತಿಗೆ ಊರಿನ ಅರ್ಧ ಕೆಲಸ ನನ್ನ ಪಾಲಿಗೆ ಬರುತ್ತದೆ: ಪಕ್ಕದ ಮನೆಯ ಹುಡುಗನ ಅರ್ಜಿ, ಚಿಕ್ಕಮ್ಮನ ಪಹಣಿ, ಅಜ್ಜಿಯ ಮಾತ್ರೆ. ಭಾನುವಾರ, ವಯಸ್ಸು 28 ದಾಟಿದ ಹುಡುಗಿಯನ್ನು ನೋಡಿಕೊಂಡು ಹೋಗಲು ಬರುವವರಿಗೆ ಕಾಫಿ.

ಮೇಲೆ ಫೆಲೋಶಿಪ್ಪಿನ ಗಡಿಯಾರ. ಎರಡು ವರ್ಷ ಜೆಆರ್‌ಎಫ್, ಮೂರು ವರ್ಷ ಎಸ್‌ಆರ್‌ಎಫ್. 2023ರಿಂದ ತಿಂಗಳಿಗೆ 37,000 ಮತ್ತು 42,000 ರೂಪಾಯಿ. ಹೇಳಿಕೊಳ್ಳಲು ಒಳ್ಳೆಯ ಮೊತ್ತವೇ. ನನ್ನ ಐದನೇ ವರ್ಷ ಈ ಡಿಸೆಂಬರಿಗೆ ಮುಗಿಯುತ್ತದೆ. ಆಮೇಲೆ ಬರೆಯುವ ಪ್ರತಿ ಪುಟವೂ ಅಪ್ಪನ ಗೂಡಿನ ದುಡ್ಡಿನಲ್ಲಿ. ಹೀಗಿರುವಾಗ ಒಂದು ಗಂಟೆ ಸಿಕ್ಕಿದರೂ ಅದನ್ನು ಆಟಕ್ಕೆ ಕೊಟ್ಟರೆ ಕಳ್ಳತನ ಮಾಡಿದ ಹಾಗೆ ಅನ್ನಿಸುತ್ತದೆ.

ಆಟ ಬರೆದವರ ಚರಿತ್ರೆ ನೋಡಿದರೆ ಇನ್ನೂ ಕಷ್ಟ. ಮುಮ್ಮಡಿ ಕೃಷ್ಣರಾಜ ಒಡೆಯರು ನಮ್ಮ ಸೀಮೆಯ ದೊಡ್ಡ ಆಟಗಾರರು. ಎಷ್ಟೋ ಮಣೆಯಾಟಗಳನ್ನು, ಇಸ್ಪೀಟಿನಂಥ ಛದಗಳ ಆಟಗಳನ್ನು ತಾವೇ ರೂಪಿಸಿದರು. ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಅಂತ ಒಂದು ಭಾಗವೇ ಆಟಗಳಿಗೆ ಮೀಸಲು. ಅವರಿಗೆ ಪುರುಸೊತ್ತು ಹೇಗೆ ಸಿಕ್ಕಿತು ಅಂದರೆ, 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡಿದ್ದರು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬರೆದ ಇಬ್ಬರಲ್ಲಿ ಗ್ಯಾರಿ ಗೈಗಾಕ್ಸ್ 1970ರಲ್ಲಿ ವಿಮಾ ಕಂಪನಿಯ ಕೆಲಸ ಕಳೆದುಕೊಂಡು ಮನೆಯ ನೆಲಮಾಳಿಗೆಯಲ್ಲಿ ಚಪ್ಪಲಿ ಬೂಟು ರಿಪೇರಿ ಮಾಡುತ್ತಾ ಬರೆದವರು. ಡೇವ್ ಅರ್ನೆಸನ್ ಜೊತೆ ಸೇರಿ 1974ರಲ್ಲಿ ಹೊರತಂದ ಮೊದಲ 1,000 ಪ್ರತಿಗಳ ಪೆಟ್ಟಿಗೆಗಳನ್ನು ಕೈಯಲ್ಲೇ ಜೋಡಿಸಿದರು. ಒಬ್ಬರು ರಾಜ್ಯ ಕಳೆದುಕೊಂಡರು, ಇನ್ನೊಬ್ಬರು ಕೆಲಸ ಕಳೆದುಕೊಂಡರು. ನನಗಿನ್ನೂ ಕಳೆದುಕೊಳ್ಳುವುದಕ್ಕೆ ಕೆಲಸವೇ ಸಿಕ್ಕಿಲ್ಲ.

ಹೊತ್ತು ಸಿಕ್ಕರೂ ಮನಸ್ಸು ಕೂರುತ್ತಿರಲಿಲ್ಲ. ಕಥೆ ಬರೆಯುವವಳಿಗೆ ಭಾಗೀರಥಿ ಏನು ಮಾಡಿದಳು ಅನ್ನುವುದು ಗೊತ್ತಿದ್ದರೆ ಸಾಕು. ಆಟ ಬರೆಯುವವಳು ಭಾಗೀರಥಿ ಏನೇನು ಮಾಡಬಹುದು, ಅದಕ್ಕೆ ಗೌಡ ಏನನ್ನಬಹುದು, ಅಷ್ಟರಲ್ಲಿ ನೀರಗಂಟಿ ತೂಬು ತೆಗೆದರೆ ಗತಿಯೇನು ಅಂತ ಐದು ಜನರನ್ನು ಒಟ್ಟಿಗೆ ತಲೆಯಲ್ಲಿ ಹೊತ್ತುಕೊಂಡಿರಬೇಕು. ತುಂಬಿದ ಬಿಂದಿಗೆ ತಲೆಯ ಮೇಲಿಟ್ಟುಕೊಂಡು ಏರಿ ಹತ್ತಿದ ಹಾಗೆ. “ಗ್ಯಾಸ್ ಬಂತು, ಹೋಗಿ ಈಸ್ಕೊ” ಅಂತ ಅಮ್ಮ ಕೂಗಿದರೆ ಐದು ನಿಮಿಷದ ಕೆಲಸ. ಮತ್ತೆ ಆ ಐವರನ್ನು ಕರೆದು ಕೂರಿಸಲು ಒಂದು ಗಂಟೆ.

ಹಾಗಾದರೆ ಆ 138 ಪುಟ ಯಾವಾಗ ಬರೆದೆ ಅಂತ ನೀವು ಕೇಳಬೇಕು. ಕೇಳಿದರೆ ನನಗೆ ನಾಚಿಕೆ. ಅವೆಲ್ಲ ತಲೆ ಭಾರವಿಲ್ಲದೆ ಬರೆಯಬಹುದಾದ ಪುಟಗಳು. ಊರಿನ ಏಳು ಮನೆತನಗಳ ವಂಶಾವಳಿ. ಮೇಲಿನ ಕೆರೆಯ ಕೋಡಿ ನೀರು ಯಾವ ಕಾಲುವೆಯಲ್ಲಿ ಕೆಳಗಿನ ಕೆರೆಗೆ ಬರುತ್ತದೆ ಅನ್ನುವ ನಕ್ಷೆ. ನೀರಗಂಟಿಯ ಸರದಿಪಟ್ಟಿ. ಗೌಡ, ಶಾನುಭೋಗ, ತಳವಾರ, ತೋಟಿ ಹೀಗೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದ ಬಗ್ಗೆ ಎರಡು ಪುಟದ ಟಿಪ್ಪಣಿ. ಆಟ ನಡೆಯುವುದು ಅದಕ್ಕಿಂತ ನೂರಾರು ವರ್ಷ ಹಿಂದೆ! ಏರಿಯ ಮೇಲಿನ ಹುಣಸೆ ಮರಗಳಿಗೂ ನಾನು ಹೆಸರಿಟ್ಟಿದ್ದೇನೆ.

ದಾಳದ ವಿಷಯಕ್ಕೆ ಎರಡು ತಿಂಗಳು ಹೋಯಿತು. 2010ರಲ್ಲಿ ವಿನ್ಸೆಂಟ್ ಬೇಕರ್, ಮೆಗ್ಯುಯಿ ಬೇಕರ್ ದಂಪತಿ ತಂದ ‘ಅಪೋಕಲಿಪ್ಸ್ ವರ್ಲ್ಡ್’ ಅನ್ನುವ ಆಟದಲ್ಲಿ ಎರಡು ದಾಳ ಹಾಕಬೇಕು. ಹತ್ತು ಅಥವಾ ಮೇಲೆ ಬಿದ್ದರೆ ಕೇಳಿದ್ದು ಸಿಗುತ್ತದೆ. ಏಳರಿಂದ ಒಂಬತ್ತು ಬಿದ್ದರೆ ಸಿಗುತ್ತದೆ, ಆದರೆ ಏನಾದರೂ ತೆರಬೇಕು. ಆರಕ್ಕಿಂತ ಮೇಲೆ ಬೀಳದಿದ್ದರೆ ಕಥೆ ಕೈತಪ್ಪುತ್ತದೆ. ಅದನ್ನು ನಮ್ಮ ಚೌಕಾಬಾರಕ್ಕೆ ಒಗ್ಗಿಸಲು ಹೊರಟೆ. ಒಂದು ಬದಿ ಬೆಳ್ಳಗೆ ತೇಯ್ದ ನಾಲ್ಕು ಹುಣಸೆ ಬೀಜ. ಬೀಳಬಹುದಾದ ಬಗೆ 16. ಒಂದು ಬೀಳುವುದು ನಾಲ್ಕು ಬಗೆ, ಎರಡು ಬೀಳುವುದು ಆರು, ಮೂರು ಬೀಳುವುದು ನಾಲ್ಕು. ಎಲ್ಲ ಬಿಳಿ ಬಿದ್ದರೆ ಚೌಕ, ಎಲ್ಲ ಕಪ್ಪು ಬಿದ್ದರೆ ಬಾರ, ಒಂದೊಂದೇ ಬಗೆ. ಚೌಕ, ಬಾರ ಬಿದ್ದರೆ ಕೇಳಿದ್ದು ಪೂರ್ತಿ. ಎರಡು, ಮೂರಕ್ಕೆ ಬೆಲೆ ತೆತ್ತು ಪಡೆಯಬೇಕು. ಅದು 16ರಲ್ಲಿ 10 ಸಲ. ಒಂದು ಬಿದ್ದರೆ ಇಲ್ಲ. ಚೆನ್ನಾಗಿಯೇ ಕೂತಿತು. ಆದರೆ ಬೀಜ ಎರಡೂ ಬದಿಗೆ ಸಮನಾಗಿ ಬೀಳುತ್ತದೆಯೇ ಅನ್ನುವ ಅನುಮಾನ ಹೊಕ್ಕಿತು. ರಾತ್ರಿಯೆಲ್ಲ ಕೂತು ಬೀಜ ಹಾಕಿ ಲೆಕ್ಕ ಬರೆದೆ. ಅಜ್ಜಿ ಎದ್ದು ಬಂದು, “ಏನವ್ವ, ನಿದ್ದೆಗೆಟ್ಟು ಕಣಿ ಕೇಳ್ತಿದ್ದೀಯಾ?” ಅಂದಳು.

ಇಷ್ಟಕ್ಕೆಲ್ಲ ಹೊತ್ತು ಇತ್ತು. 73ನೇ ಪುಟಕ್ಕೆ ಇರಲಿಲ್ಲ.

ಕಳೆದ ತಿಂಗಳು ಗೂಡು ಮಾರಿ ಬಂದ ಮೇಲೆ ಹುಳುಮನೆ ತೊಳೆದು ಬ್ಲೀಚಿಂಗ್ ಪುಡಿ ಹೊಡೆದಿದ್ದೆವು. ಮುಂದಿನ ಬೆಳೆಗೆ ಹದಿನೈದು ದಿನ ಬಿಡುವು. ಒಂದು ಸಂಜೆ ಮಳೆ ಬಂದು ಕರೆಂಟು ಹೋಯಿತು. ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ ಮಾಡುವ ತಮ್ಮನಿಗೂ ಅವತ್ತು ರಜ. “ಅದೇನೋ ಬರೀತಿದ್ದೀಯಲ್ಲಕ್ಕ, ತಾ ಇವತ್ತು ನೋಡೇಬಿಡಾನ” ಅಂದ. ಪಕ್ಕದ ಮನೆಯ ಚಿಕ್ಕಮ್ಮನನ್ನೂ ಕರೆದೆವು. ಮೇಣದಬತ್ತಿ ಹಚ್ಚಿ ಚಾಪೆ ಹಾಸಿ ಕೂತೆವು. ಅಜ್ಜಿ ತಾನೇ ಗೌಡ ಅಂದಳು, ಬೇರೆ ಯಾವ ಪಾತ್ರಕ್ಕೂ ಒಪ್ಪಲಿಲ್ಲ. ಚಿಕ್ಕಮ್ಮ ಅತ್ತೆ. ತಮ್ಮನಿಗೆ ಉಳಿದದ್ದು ಗೆಳತಿ. ನಕ್ಕೂ ನಕ್ಕೂ ಸಾಕಾಯಿತು. ಅಮ್ಮ ಭಾಗೀರಥಿ.

ಮೊದಲ ಅರ್ಧ ಗಂಟೆಯಲ್ಲೇ ನನ್ನ ಪುಟಗಳ ಹಣೆಬರಹ ತಿಳಿಯಿತು. ವಂಶಾವಳಿಯನ್ನು ಯಾರೂ ಕೇಳಲಿಲ್ಲ. ಹುಣಸೆ ಮರದ ಹೆಸರು ಹೇಳಿದರೆ ಅಜ್ಜಿ, “ಮರ ಅಂಗಿರ್ಲಿ, ನೀರೆಷ್ಟದೆ ಕೆರೇಲಿ?” ಅಂದಳು. ಗೌಡನಾಗಿ ಅವಳು ಎಷ್ಟು ಮೃದುವಾಗಿ, ಎಷ್ಟು ಮರ್ಯಾದೆಯಿಂದ ಸೊಸೆಯನ್ನು ಕೆರೆಯ ಕಡೆ ಕಳಿಸುವ ಮಾತಾಡಿದಳೆಂದರೆ ನನಗೆ ಬೆನ್ನಲ್ಲಿ ಚಳಿ ಬಂತು. ಒಂದು ಗದರಿಕೆ ಇಲ್ಲ. “ನಮ್ಮನೆ ಲಕ್ಷ್ಮಿ ಕಣವ್ವ ನೀನು” ಅನ್ನುತ್ತಲೇ ಕಳಿಸಿದಳು.

ಅಮ್ಮ ತವರಿಗೆ ಹೋದಳು. ಸೂತ್ರಧಾರಳಾದ ನಾನು ಅವಳ ಅಪ್ಪನಾಗಿ, ಈ ಬಿಸಿಲಲ್ಲಿ ಯಾಕೆ ಬಂದೆ ಮಗಳೆ ಅಂತ ಕೇಳಿದೆ. “ಸುಮ್ನೆ ಕಣಪ್ಪ. ನಿಮ್ನೆಲ್ಲ ನೋಡಂಗಾಯ್ತು.” ನಾನು ಆಟ ನಿಲ್ಲಿಸಿ, ಅಮ್ಮ, ಹಾಡಿನಲ್ಲಿ ಇರುವ ಹಾಗೇ ಆಡಬೇಕಿಲ್ಲ, ನಿಜ ಹೇಳಬಹುದು ಅಂದೆ. “ಗೊತ್ತು. ಹೇಳುದ್ರೆ ಏನಾಯ್ತದೆ? ಅವ್ನು ಅಳ್ತಾನೆ, ಊಟ ಹಾಕ್ತಾನೆ, ಸಂಜೆಗೆ ವಾಪಸ್ ಕಳಿಸ್ತಾನೆ.” ಗೆಳತಿಯ ಹತ್ತಿರ ಹೋದಳು. ತಮ್ಮ ಏನು ಹೇಳಬೇಕೆಂದು ತಿಳಿಯದೆ ನನ್ನ ಮುಖ ನೋಡಿದ. ಅವನಿಗಾಗಿ ನಾನು ಒಂದು ಸಾಲೂ ಬರೆದಿರಲಿಲ್ಲ.

ಮೆಟ್ಟಿಲ ಹತ್ತಿರ ಬಂದೆವು. ನಾನು ಬೀಜಗಳನ್ನು ಅಮ್ಮನ ಕೈಗಿಟ್ಟು ಹೇಳಿದೆ: ಇಲ್ಲಿ ನೀನು ಒಲ್ಲೆ ಅನ್ನಬಹುದು. ಹಾಕು.

ಅಮ್ಮ ಬೀಜವನ್ನು ಅಂಗೈಯಲ್ಲಿ ಉರುಳಿಸುತ್ತಾ ಸ್ವಲ್ಪ ಹೊತ್ತು ಕೂತಳು. “ಬೀಜ ಹಾಕಾದೇನೋ ಹಾಕ್ತೀನಿ. ಒಲ್ಲೆ ಅಂದ್‌ಮೇಲೆ ರಾತ್ರಿ ಯಾವ ಮನೇಲಿ ಮಲೀಕಳ್ಳಿ? ಅದ ಹೇಳು ಮೊದ್ಲು.”

ನನ್ನ ಹತ್ತಿರ ಉತ್ತರ ಇರಲಿಲ್ಲ. 140 ಪುಟದಲ್ಲಿ ಎಲ್ಲೂ ಇರಲಿಲ್ಲ. ಅಮ್ಮ ಬೀಜವನ್ನು ಚಾಪೆಯ ಮೇಲಿಟ್ಟು, “ಇಳೀತಾಳೆ ಬಿಡು” ಅಂದಳು. ಅಷ್ಟರಲ್ಲಿ ಕರೆಂಟು ಬಂತು, ಚಿಕ್ಕಮ್ಮ ಧಾರಾವಾಹಿಗೆ ಎದ್ದಳು.

ಅವತ್ತು ರಾತ್ರಿ ನನಗೆ ಸಿಟ್ಟು ಬಂದಿದ್ದು ಅಮ್ಮನ ಮೇಲೆ. ಬರೆಯಲು ಹೊತ್ತು ಕೊಡದವಳು, ಕೊನೆಗೆ ಆಟವನ್ನೂ ಕೆಡಿಸಿದಳು ಅಂತ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವಳ ಪ್ರಶ್ನೆ ಮಾತ್ರ ಬಸ್ಸಿನಲ್ಲೂ ಲೈಬ್ರರಿಯಲ್ಲೂ ಜೊತೆಗೇ ಬಂತು. ಒಲ್ಲೆ ಅನ್ನುವ ಹಕ್ಕನ್ನು ನಾನು ಅವಳಿಗೆ ಕಾಗದದ ಮೇಲೆ ಕೊಟ್ಟಿದ್ದೆ, ಉಳಿದದ್ದನ್ನು ಹುಣಸೆ ಬೀಜದ ಮೇಲೆ ಹಾಕಿದ್ದೆ. ಚೌಕ ಬಿದ್ದರೆ ಬದುಕಿದಳು, ಒಂದು ಬಿದ್ದರೆ ಸತ್ತಳು. ಅದಕ್ಕೂ ಹೊತ್ತಿಗೆ ತೆಗೆದು ಬಲಿ ಹೇಳುವುದಕ್ಕೂ ಏನು ವ್ಯತ್ಯಾಸ? ಇದು ನನಗೆ ಒಳಗೊಳಗೇ ಗೊತ್ತಿದ್ದಿರಬೇಕು. ಇಲ್ಲದಿದ್ದರೆ ಒಂದು ಸಾಲು ಬರೆದು ವರ್ಷಗಟ್ಟಲೆ ಕೆಂಪು ಅಕ್ಷರ ಬಿಟ್ಟು ಓಡಾಡುತ್ತಿರಲಿಲ್ಲ. ಹೊತ್ತಿಲ್ಲ ಅನ್ನುವುದು ಸುಳ್ಳಲ್ಲ, ಮೇಲೆ ಲೆಕ್ಕ ಕೊಟ್ಟಿದ್ದೇನೆ. ಆದರೆ ಆ ನಿಜದ ಹಿಂದೆ ನಾನು ಆರಾಮಾಗಿ ಬಚ್ಚಿಟ್ಟುಕೊಂಡಿದ್ದೆ.

ಹೊಸ ನಿಯಮ ಬರೆದದ್ದು ಮೆಟ್ರೊದಲ್ಲಿ, ನಿಂತುಕೊಂಡು, ಫೋನಿನಲ್ಲಿ. ಬೈಯಪ್ಪನಹಳ್ಳಿಯಲ್ಲಿ ಶುರುವಾಗಿ ಮೆಜೆಸ್ಟಿಕ್ ಬರುವಷ್ಟರಲ್ಲಿ ಮುಗಿದಿತ್ತು. ಭಾಗೀರಥಿ ಒಲ್ಲೆ ಅಂದರೆ ಬೀಜ ಹಾಕುವಂತಿಲ್ಲ. ಸೂತ್ರಧಾರ ಉಳಿದವರ ಕಡೆ ತಿರುಗಿ, ಇವತ್ತು ರಾತ್ರಿ ಇವಳು ಯಾರ ಮನೆಯಲ್ಲಿ ಮಲಗುತ್ತಾಳೆ ಅಂತ ಕೇಳಬೇಕು. ಉತ್ತರವನ್ನು ಭಾಗೀರಥಿ ಹೇಳಕೂಡದು. ಯಾರು ಬಾಗಿಲು ತೆರೆಯುತ್ತಾರೋ ಅವರ ಸರದಿಯ ನೀರು ಆ ಬೇಸಿಗೆಗೆ ನಿಲ್ಲುತ್ತದೆ. ಯಾರೂ ತೆರೆಯದಿದ್ದರೆ ಎಲ್ಲರೂ ಸುಮ್ಮನೆ ಕೂತು, ಅವಳು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ಜೋರಾಗಿ ಎಣಿಸಬೇಕು.

ಗೆಳತಿಗೆ ಒಂದು ಪುಟ ಬೇರೆಯಾಗಿ ಬರೆದೆ. ಅವಳ ಮೇಲಿನ ನನ್ನ ಹಳೆಯ ಸಿಟ್ಟು ಆ ಪುಟ ಬರೆಯುವಾಗ ಸ್ವಲ್ಪ ಇಳಿಯಿತು. ಇಟ್ಟಂತೆ ಇರು ಅಂದವಳಿಗೆ ಅವಳದೇ ಮನೆಯಲ್ಲಿ ಇನ್ನೊಬ್ಬಳನ್ನು ಇಟ್ಟುಕೊಳ್ಳುವ ಹಕ್ಕಾದರೂ ಎಲ್ಲಿತ್ತು?

ಈಗ ‘ಕೋಡಿ’ 36 ಪುಟ. ವಂಶಾವಳಿ ಹೋಯಿತು, ಸರದಿಪಟ್ಟಿಯಲ್ಲಿ ಅರ್ಧ ಉಳಿಯಿತು. ಹುಣಸೆ ಮರಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಆಸೆಗೆ. ಪ್ರಬಂಧದ ಮೂರನೇ ಅಧ್ಯಾಯದಲ್ಲಿ ‘ನಂತರ ಬರೆಯುವುದು’ ಅಂತ ಎಷ್ಟು ಕಡೆ ಇದೆ ಎಂದು ಹುಡುಕಿಸಿ ನೋಡಿದೆ. 11 ಕಡೆ. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ, ಗೈಡು ಅಕಸ್ಮಾತ್ ಓದಿಬಿಟ್ಟರೆ ಕಷ್ಟ.

ಹೊತ್ತೇನೂ ಹೆಚ್ಚಾಗಿಲ್ಲ. ಗುರುವಾರ ಚಾಕಿ ಹುಳು ಬರುತ್ತದೆ. ತಮ್ಮನಿಗೆ ಈ ತಿಂಗಳು ಪೂರ್ತಿ ನೈಟ್ ಶಿಫ್ಟು. ಮುಂದಿನ ಸಲ ಆಡುವಾಗ ತಾನು ಗೌಡ ಅಂತ ಅಮ್ಮ ಈಗಲೇ ಹೇಳಿಟ್ಟಿದ್ದಾಳೆ. ಅಜ್ಜಿ ಬಿಟ್ಟುಕೊಡುವ ಹಾಗೆ ಕಾಣುವುದಿಲ್ಲ. ಗೌಡನ ಪುಟದಲ್ಲಿ ಇನ್ನೂ ಎರಡು ನಿಯಮ ಬಾಕಿ ಇವೆ, ಗುರುವಾರದೊಳಗೆ ಮುಗಿಸಬೇಕು. ಈಗ ರಾತ್ರಿ ಹನ್ನೊಂದೂವರೆ. ತಮ್ಮ ಡ್ಯೂಟಿಗೆ ಹೊರಟ, ಗೇಟು ಹಾಕಿಕೊಂಡು ಬರುತ್ತೇನೆ.